ಬೆಳಿಗ್ಗೆ ಏಳಕ್ಕೆ ಸುಸಲಾ ಎಲ್ಲಿ ಸಿಗುತ್ತದೆ? ನಮ್ಮ ಓಣಿಯ ಬಂಡಿ ಕಾಣೆಯಾಗಿದೆ

ಬ್ರಹ್ಮಪುರದವ
ಸೋಮವಾರ, ಮಧ್ಯಾಹ್ನ

ಕಲಬುರಗಿ ಮಂದಿಗೆಲ್ಲ ಶರಣು. ಸಣ್ಣ ಪ್ರಶ್ನೆ, ಆದರೆ ನನ್ನ ಹೊಟ್ಟೆಗೆ ದೊಡ್ಡದು.

ಏಪ್ರಿಲ್ ಬಂತು, ಆಫೀಸ್ ಟೈಮ್ ಬದಲಾಯಿತು. ನಮ್ಮ ಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇ ಎರಡು ತಿಂಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರ ತನಕ. ಇದನ್ನು ಕೇಳಿದರೆ ಬೆಂಗಳೂರಿನ ಗೆಳೆಯರಿಗೆ ಹೊಟ್ಟೆಕಿಚ್ಚು. 43 ಡಿಗ್ರಿ ಬಿಸಿಲಲ್ಲಿ ಒಂದೂವರೆಗೆ ಬಂದು ನನ್ನ ಸ್ಕೂಟರ್ ಸೀಟಿನ ಮೇಲೆ ಕೂತು ನೋಡಲಿ, ಆಮೇಲೆ ಮಾತಾಡೋಣ.

ಏಳೂಕಾಲಿಗೆ ಮನೆ ಬಿಡಬೇಕು. ಅಷ್ಟೊತ್ತಿಗೆ ಮನೆಯಲ್ಲಿ ಒಲೆ ಹಚ್ಚಿರುವುದಿಲ್ಲ. (ಹಚ್ಚಬೇಕಾದವನು ನಾನೇ, ಅದು ಬೇರೆ ಮಾತು.) ಹತ್ತು ವರ್ಷದಿಂದ ಬೇಸಿಗೆಯಲ್ಲಿ ನನ್ನನ್ನು ಸಾಕಿದ್ದು ಓಣಿ ಮೂಲೆಯ ಬೇವಿನ ಮರದ ಕೆಳಗಿನ ಬಂಡಿ. ಅಲ್ಲಿನ ಅವ್ವ ಆರೂವರೆಗೇ ಸುಸಲಾ ಕಲಸಿ ಇಟ್ಟಿರುತ್ತಿದ್ದಳು. ಪೇಪರ್ ಮೇಲೆ ಸುಸಲಾ, ಪಕ್ಕಕ್ಕೆ ಎರಡು ಬಿಸಿ ಮಿರ್ಚಿ, ಆಮೇಲೆ ಅರ್ಧ ಚಾ. ಒಂದೂವರೆ ತನಕ ಮತ್ತೇನೂ ಬೇಡ.

ಶರಣಬಸವೇಶ್ವರ ಜಾತ್ರೆ ಮುಗಿದ ವಾರಕ್ಕೆ ರಸ್ತೆ ಅಗಲ ಮಾಡುವ ಕೆಲಸ ಶುರುವಾಯಿತು. ಮರ ಹೋಯಿತು. ಬಂಡಿಯೂ ಹೋಯಿತು. ಎಲ್ಲಿಗೆ ಅಂತ ಓಣಿಯಲ್ಲಿ ಯಾರಿಗೂ ಗೊತ್ತಿಲ್ಲ. ಹತ್ತು ವರ್ಷ ದಿನಾ ನೋಡಿದವಳ ಫೋನ್ ನಂಬರ್ ನಮ್ಮಲ್ಲಿ ಒಬ್ಬರ ಹತ್ತಿರವೂ ಇಲ್ಲ. ಬೇಕಾಗಿರಲೇ ಇಲ್ಲ, ಅವಳು ಅಲ್ಲೇ ಇರುತ್ತಿದ್ದಳಲ್ಲ.

ನಮ್ಮ ಮನೆ ಕೀಲಿ ಅವ್ವನ ರೊಕ್ಕದ ಡಬ್ಬಿಯಲ್ಲಿ ಇರುತ್ತಿತ್ತು. ಸಿಲಿಂಡರ್ ಬಂದ ಸುದ್ದಿ, ನಳ ಬಂದ ಸುದ್ದಿ ಅವಳಿಂದಲೇ. ನಮ್ಮಪ್ಪನಿಗೆ ಸಕ್ಕರೆ ಕಾಯಿಲೆ, ಎಣ್ಣೆ ಪದಾರ್ಥ ಬೇಡ ಅಂತ ಡಾಕ್ಟರ್ ಹೇಳಿದ್ದಾರೆ. ಅವರು ಕದ್ದು ತಿಂದ ದಿನ ಅವ್ವ ನನ್ನನ್ನು ಕರೆದು, "ಇವತ್ತ ಅಪ್ಪಾರು ನಾಕು ಮಿರ್ಚಿ ತಿಂದಾರ ನೋಡಪ್ಪಾ" ಅಂತ ಚಾಡಿ ಹೇಳುತ್ತಿದ್ದಳು. ಕೊಟ್ಟವಳೂ ಅವಳೇ, ಹೇಳುವವಳೂ ಅವಳೇ. ಬಂಡಿ ಹೋದ ಮೇಲೆ ಅಪ್ಪ ಸ್ವಲ್ಪ ದಿನ ಮಂಕಾಗಿದ್ದರು. ಈಗ ಬೆಳಿಗ್ಗೆ ಎದ್ದು ಪಬ್ಲಿಕ್ ಗಾರ್ಡನ್ನಿಗೆ ವಾಕಿಂಗ್ ಹೋಗುತ್ತಾರೆ. ಅದೊಂದು ಒಳ್ಳೆಯದಾಯಿತು.

ಈಗ ಹೇಳಿ. ಏಳಕ್ಕೆ ಸುಸಲಾ ಎಲ್ಲಿ ಸಿಗುತ್ತದೆ? ಕೆಂಪು ಬಣ್ಣದ ಬಂಡಿ, ಮುಂದೆ ಹಸಿರು ಅಕ್ಷರದಲ್ಲಿ "ಉದ್ರಿ ಕೇಳಬೇಡಿ" ಅಂತ ಬರೆದಿದೆ, ಯಾರಾದರೂ ನೋಡಿದ್ದೀರಾ?


ತೊಗರಿಬ್ಯಾಳಿ
ಸೋಮವಾರ, ಮಧ್ಯಾಹ್ನ

ಸ್ಟೇಷನ್ ಕಡೆ ನೋಡಿದ್ರಾ ಅಣ್ಣಾ? ಬೆಂಗಳೂರಿನ ವಂದೇ ಭಾರತ್ ನಸುಕಿನಲ್ಲೇ ಬಿಡುತ್ತದೆ. ನಮ್ಮ ಮನೆಯವರನ್ನು ಬಿಡಲು ಹೋದಾಗ ಇನ್ನೂ ಕತ್ತಲಿತ್ತು, ಆದರೂ ಬಿಸಿ ಚಾ ಸಿಕ್ಕಿತು. ಇಡ್ಲಿ, ಪೂರಿ ಇದ್ದವು. ಸುಸಲಾ ಕಾಣಲಿಲ್ಲ.

ಅಲ್ಲಾ, ಒಂದು ಕೇಳುತ್ತೇನೆ. ಬ್ರಹ್ಮಪುರದವರಿಗೆ ಶರಣಬಸವೇಶ್ವರ ಕೆರೆ ಹತ್ತಿರ. ಅಪ್ಪಾರು ಕೆರೆ ಬಿಟ್ಟು ಪಬ್ಲಿಕ್ ಗಾರ್ಡನ್ ತನಕ ಯಾಕೆ ಹೋಗುತ್ತಾರೆ?


ಬ್ರಹ್ಮಪುರದವ
ಸೋಮವಾರ, ಮಧ್ಯಾಹ್ನ

ಅಲ್ಲಿ ನೆರಳು ಜಾಸ್ತಿ ಅನ್ನುತ್ತಾರೆ. ಹೋಗುವಾಗ ಸಿಟಿ ಬಸ್, ಬರುವಾಗ ಆಟೋ. ವಾಕಿಂಗ್ ಯಾವಾಗ ಮಾಡುತ್ತಾರೋ ಶರಣಬಸವನೇ ಬಲ್ಲ. ಹೋಗಲಿ ಬಿಡಿ, ಖುಷಿಯಾಗಿದ್ದಾರೆ.


ತೆಂಕಣದಿಂದ ಬಂದವ
ಸೋಮವಾರ, ಸಂಜೆ

ಕೆಲಸದ ಮೇಲೆ ಮೈಸೂರಿನಿಂದ ಬಂದು ಎರಡು ತಿಂಗಳಾಯ್ತು. ತಪ್ಪು ತಿಳಿಯಬೇಡಿ, ಸುಸಲಾ ಅಂದ್ರೆ ಏನು? ಮಂಡಕ್ಕಿ ಒಗ್ಗರಣೆ ಅಲ್ವಾ?

ನಾನು ಮೊದಲ ವಾರ ಸೂಪರ್ ಮಾರ್ಕೆಟ್ಟಿಗೆ ಬಿಡಿ ಅಂತ ಆಟೋದವರಿಗೆ ಹೇಳಿ, ಇಳಿದು, ಹತ್ತು ನಿಮಿಷ ಏಸಿ ಇರೋ ಅಂಗಡಿ ಹುಡುಕಿದ್ದೆ. ಅದು ಇಡೀ ಪೇಟೆಯ ಹೆಸರು ಅಂತ ಆಮೇಲೆ ಗೊತ್ತಾಯ್ತು. ಹಾಗಾಗಿ ಈಗ ಎಲ್ಲವನ್ನೂ ಕೇಳಿಕೊಂಡೇ ಮುಂದೆ ಹೋಗ್ತೀನಿ.


ತೊಗರಿಬ್ಯಾಳಿ
ಸೋಮವಾರ, ಸಂಜೆ

ಹೊಸಬರೆಲ್ಲ ಒಮ್ಮೆ ಹುಡುಕಿದವರೇ ಬಿಡಿ.

ಸುಸಲಾ ಹತ್ತು ನಿಮಿಷದ ಅಡುಗೆ, ಆದರೆ ಕೆಡುವುದಕ್ಕೆ ಅರ್ಧ ನಿಮಿಷ ಸಾಕು. ಚುರಮುರಿಯನ್ನು (ನಿಮ್ಮ ಮಂಡಕ್ಕಿ) ನೀರಿಗೆ ಹಾಕಿ ಹಾಗೇ ಎತ್ತಬೇಕು. ಫೋನ್ ಬಂತು ಅಂತ ಹೋದಿರೋ, ಮುದ್ದೆ. ಎತ್ತಿ, ಎರಡೂ ಕೈಯಲ್ಲಿ ಹಿಂಡಿ, ನೀರು ತೆಗೆಯಬೇಕು. ಒಗ್ಗರಣೆಗೆ ಸಾಸಿವೆ, ಜೀರಿಗೆ, ಕರಿಬೇವು, ಹಸಿಮೆಣಸಿನಕಾಯಿ, ಶೇಂಗಾ, ಉಳ್ಳಾಗಡ್ಡಿ. ಉಳ್ಳಾಗಡ್ಡಿ ಕೈ ಬಿಚ್ಚಿ ಹಾಕಿ. ಅರಿಶಿಣ, ಉಪ್ಪು. ಚುರಮುರಿ ಹಾಕಿ ತಿರುವಿ. ಕೊನೆಗೆ ಪುಟಾಣಿ (ಹುರಿಗಡಲೆ) ಹಿಟ್ಟು ಉದುರಿಸಬೇಕು, ಅದು ಉಳಿದ ನೀರನ್ನು ಹೀರಿ ಉದುರುದುರು ಮಾಡುತ್ತದೆ. ಮೇಲೆ ಕೊತ್ತಂಬರಿ, ನಿಂಬೆಹಣ್ಣು. ಮಿರ್ಚಿ ಇಲ್ಲದೆ ತಿನ್ನಬಾರದು ಅಂತ ಕಾನೂನು ಏನೂ ಇಲ್ಲ, ಆದರೆ ಯಾರೂ ತಿನ್ನುವುದಿಲ್ಲ.


ರೋಜಾ ಚಾಯ್
ಸೋಮವಾರ, ರಾತ್ರಿ

ಅಣ್ಣಾ, ನಮ್ಮ ರೋಜಾ ಬಡಾವಣೆ ಕಡೆ ಬನ್ನಿ. ಬೆಳಿಗ್ಗೆಯೇ ತಹರಿ, ಅಂದರೆ ಮಾಂಸದ ಅನ್ನದ ಹಂಡೆ ಇಳಿದಿರುತ್ತದೆ. ತಿಂದು ಎಂಟಕ್ಕೆ ಆಫೀಸಿಗೆ ಹೋದರೆ ಒಂಬತ್ತಕ್ಕೆ ಫೈಲ್ ಮೇಲೆ ತಲೆ ಇಟ್ಟು ಮಲಗುತ್ತೀರಿ. ಅದಕ್ಕೆ ನಾನು ಜವಾಬ್ದಾರ ಅಲ್ಲ. ಮಾಂಸ ತಿನ್ನದವರಾದರೆ ಬನ್ನು, ಚಾಯ್ ಇದೆ. ಸಿಹಿ ಬೇಕಂದರೆ ಮಾಲ್‌ಪುರಿ ಹುಡುಕೋಣ.

ಬಂಡಿಯ ಮಾತಿಗೆ ಬಂದರೆ, ದರ್ಗಾದ ಉರುಸಿಗೆ ಬೇರೆ ಬೇರೆ ಊರಿಂದ ಬಂಡಿಯವರು ಬಂದು ನಿಲ್ಲುತ್ತಾರೆ. ನಾಲ್ಕಾರು ದಿನಕ್ಕೆ ಬಂದವರೂ ತಮ್ಮ ಜಾಗ ಎಲ್ಲಿ ಅಂತ ತಿಳಿದುಕೊಂಡಿರುತ್ತಾರೆ. ಹತ್ತು ವರ್ಷ ನಿಂತ ಅವ್ವನಿಗೆ ಮಾತ್ರ ಜಾಗ ಇಲ್ಲ ಅಂದರೆ ಹೇಗೆ?


ರಿಂಗ್ ರೋಡ್ ನಿವಾಸಿ
ಸೋಮವಾರ, ರಾತ್ರಿ

ಎಲ್ಲರೂ ಬಂಡಿ ಬಂಡಿ ಅಂತ ಕಣ್ಣೀರು ಹಾಕುತ್ತಿದ್ದೀರಿ. ನಾನು ಉಲ್ಟಾ ಮಾತಾಡುತ್ತೇನೆ, ಬೈಯಿರಿ.

ನಾನೂ ಹಳೇ ಊರಿನವನೇ. ಎರಡು ವರ್ಷದ ಹಿಂದೆ ನಮ್ಮ ತಾಯಿಗೆ ರಾತ್ರಿ ಎದೆನೋವು ಬಂತು. ಆಂಬುಲೆನ್ಸ್ ಓಣಿಯ ಬಾಯಿಗೇ ನಿಂತಿತು. ಒಳಗೆ ಬರಲು ಜಾಗ ಇಲ್ಲ. ತಾಯಿಯನ್ನು ಕುರ್ಚಿ ಮೇಲೆ ಕೂರಿಸಿ ನಾಲ್ಕು ಜನ ಹೊತ್ತುಕೊಂಡು ಬಂದೆವು. ಬದುಕಿದರು, ದೇವರು ದೊಡ್ಡವನು. ಆದರೆ ಆ ನೂರೈವತ್ತು ಹೆಜ್ಜೆ ನನಗೆ ಇವತ್ತಿಗೂ ಕನಸಿನಲ್ಲಿ ಬರುತ್ತವೆ. ಆ ವರ್ಷವೇ ರಿಂಗ್ ರೋಡ್ ಕಡೆ ಮನೆ ಮಾಡಿದೆ.

ರಸ್ತೆ ಅಗಲ ಆಗಬೇಕು. ಸುಸಲಾ ಎಲ್ಲಾದರೂ ಸಿಗುತ್ತದೆ.


ಬ್ರಹ್ಮಪುರದವ
ಸೋಮವಾರ, ರಾತ್ರಿ

ಬೈಯುವ ಮಾತೇ ಇಲ್ಲ ಸಾಹೇಬ್ರೇ. ತಾಯಿಯವರು ಚೆನ್ನಾಗಿರಲಿ. ನಾನೂ ರಸ್ತೆ ಬೇಡ ಅನ್ನುತ್ತಿಲ್ಲ.

ಆದರೆ ಒಂದು ನೆನಪು ಮಾಡಿಕೊಳ್ಳಿ. ಆ ರಾತ್ರಿ ದಾರಿಗೆ ಅಡ್ಡ ಇದ್ದದ್ದು ಏನು? ಬಂಡಿಯಾ?


ರಿಂಗ್ ರೋಡ್ ನಿವಾಸಿ
ಸೋಮವಾರ, ರಾತ್ರಿ

ಕಾರುಗಳು. ಎರಡೂ ಕಡೆ.

ಒಂದು ನನ್ನದೇ.


ಹಾಸ್ಟೆಲ್ ಹುಡುಗಿ
ಮಂಗಳವಾರ, ಬೆಳಿಗ್ಗೆ

ಯಾದಗಿರಿಯವಳು, ಇಲ್ಲಿ ಓದುತ್ತಿದ್ದೇನೆ. ನಿಮ್ಮ ಚರ್ಚೆ ಓದುತ್ತಾ ಓದುತ್ತಾ ಹಸಿವಾಯಿತು. ಹಾಸ್ಟೆಲ್ ಇಡ್ಲಿ ಬಗ್ಗೆ ಏನೂ ಬರೆಯುವುದಿಲ್ಲ, ನಿಯಮ ಇದೆ ಅಂತ ಕೇಳಿದೆ.

ನಮ್ಮಂಥವರ ಕಥೆ ಬೇರೆ. ಸೇಡಂ ರೋಡಿನಲ್ಲಿ ಹೊಸ ಹೊಸ ಕೆಫೆ ಬಂದಿವೆ. ಗಾಜಿನ ಬಾಗಿಲು, ಏಸಿ, ಗೋಡೆ ಮೇಲೆ ಬಣ್ಣದ ಲೈಟು. ಹುಟ್ಟುಹಬ್ಬಕ್ಕೆ ಹೋಗುತ್ತೇವೆ, ಸುಳ್ಳು ಯಾಕೆ ಹೇಳಲಿ. ಆದರೆ ತಿಂಗಳ ಇಪ್ಪತ್ತರ ಮೇಲೆ ಅಲ್ಲಿ ಒಂದು ಕಾಫಿ ಬೆಲೆಗೆ ಎರಡು ಹೊತ್ತಿನ ಊಟ ಬರುತ್ತದೆ. ನಮ್ಮನ್ನು ಉಳಿಸಿರುವುದು ಮನೆಯಲ್ಲೇ ರೊಟ್ಟಿ ಬಡಿದು ಮಾರುವ ಅಕ್ಕಂದಿರು. ಬಾಗಿಲಿಗೆ ಸೀಮೆಸುಣ್ಣದಲ್ಲಿ "ರೊಟ್ಟಿ ಸಿಗುತ್ತವೆ" ಅಂತ ಬರೆದಿರುತ್ತಾರೆ, ಅಷ್ಟೇ ಬೋರ್ಡು. ನಾಲ್ಕು ರೊಟ್ಟಿ ತಗೊಂಡರೆ ಶೇಂಗಾ ಹಿಂಡಿ ಸುಮ್ನೆ ಹಾಕಿಕೊಡುತ್ತಾರೆ. ಪುಂಡಿ ಪಲ್ಯ ಇದ್ದ ದಿನ ಹಬ್ಬ.

ಒಂದು ಪ್ರಶ್ನೆ. ಖಾನಾವಳಿಯಲ್ಲಿ ಹುಡುಗಿಯರು ಒಬ್ಬರೇ ಹೋಗಿ ಊಟ ಮಾಡಿದರೆ ಎಲ್ಲರೂ ಯಾಕೆ ತಿರುಗಿ ನೋಡುತ್ತಾರೆ? ಬಂಡಿ ಮುಂದೆ ನಿಂತಾಗ ಯಾರೂ ನೋಡುವುದಿಲ್ಲ. ಅದರಲ್ಲೂ ಅವ್ವಂದಿರ ಬಂಡಿಯಾದರೆ ಎಷ್ಟು ಹೊತ್ತು ನಿಂತರೂ ಭಯ ಇಲ್ಲ.


ತೊಗರಿಬ್ಯಾಳಿ
ಮಂಗಳವಾರ, ಬೆಳಿಗ್ಗೆ

ತಂಗಿ, ಖಾನಾವಳಿಯಲ್ಲಿ ನಾನು ಮದುವೆಯಾಗಿ ಇಪ್ಪತ್ತು ವರ್ಷದ ಮೇಲೆ ಮೊದಲ ಸಲ ಒಬ್ಬಳೇ ಕೂತೆ. ನನ್ನನ್ನೂ ನೋಡಿದರು. ನಾನೂ ತಿರುಗಿ ನೋಡಿದೆ. ಎರಡನೇ ರೊಟ್ಟಿಗೆ ಅವರ ಪಾಡಿಗೆ ಅವರು ತಿಂದರು.


ಶಹಾಬಾದ್ ಕಲ್ಲು
ಮಂಗಳವಾರ, ಮಧ್ಯಾಹ್ನ

ನಿವೃತ್ತ ಸಿವಿಲ್ ಎಂಜಿನಿಯರ್. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ. ಮನೆಯಲ್ಲಿ ಯಾರೂ ಕೇಳುವುದಿಲ್ಲ.

ನಮ್ಮ ಊರಿನ ನೆಲ ಎರೆ, ಅಂದರೆ ಕಪ್ಪು ಮಣ್ಣು. ಮಳೆ ಬಂದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ತೊಗರಿ, ಜೋಳಕ್ಕೆ ಇದು ಬಂಗಾರ. 2019ರಲ್ಲಿ ನಮ್ಮ ತೊಗರಿಬೇಳೆಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದ್ದರಲ್ಲಿ ಈ ಮಣ್ಣಿನ ಪಾಲೂ ಇದೆ. ಆದರೆ ರಸ್ತೆಗೆ ಇದಕ್ಕಿಂತ ಕೆಟ್ಟ ಮಣ್ಣು ಇಲ್ಲ. ಇಂಥ ನೆಲದಲ್ಲಿ ಪೈಪಿಗೆ ಕಾಲುವೆ ತೋಡಿ, ಅದೇ ಮಣ್ಣನ್ನು ಒಮ್ಮೆಗೇ ಸುರಿದು, ಮೇಲೆ ಡಾಂಬರು ಹಾಕಿದರೆ ಮೊದಲ ಮಳೆಗೇ ಕುಸಿಯುತ್ತದೆ. ಬೇರೆ ಗಟ್ಟಿ ಮಣ್ಣು ತಂದು, ಒಂದು ಪದರ ಹಾಕಿ, ನೀರು ಹೊಡೆದು, ಕುಟ್ಟಿ, ಆಮೇಲೆ ಇನ್ನೊಂದು ಪದರ ಹಾಕಬೇಕು. ಇದಕ್ಕೆ ಟೈಮ್ ಬೇಕು. ಟೈಮ್ ಯಾರ ಹತ್ತಿರವೂ ಇಲ್ಲ.

ಮತ್ತೆ ಮತ್ತೆ ಅಗೆಯುವುದು ಯಾಕೆ ಅಂತ ಎಲ್ಲರೂ ಬೈಯುತ್ತಾರೆ. ಚರಂಡಿ ಪೈಪು ಇಳಿಜಾರಿನ ಮೇಲೆ ಹರಿಯುತ್ತದೆ, ಪಂಪ್ ಇರುವುದಿಲ್ಲ. ಅದಕ್ಕೇ ಅದು ಎಲ್ಲಕ್ಕಿಂತ ಆಳದಲ್ಲಿ ಹೋಗಬೇಕು, ಮೊದಲು ಹೋಗಬೇಕು. ಅದರ ಮೇಲೆ, ಸ್ವಲ್ಪ ದೂರದಲ್ಲಿ, ಕುಡಿಯುವ ನೀರಿನ ಪೈಪು. ಇನ್ನೂ ಮೇಲೆ ಕೇಬಲ್. ಕೊನೆಗೆ ರಸ್ತೆ. ದುಡ್ಡು ಮಾತ್ರ ಈ ಸಾಲಿನಲ್ಲಿ ಬರುವುದಿಲ್ಲ. ಕೆಲವು ಸಲ ರಸ್ತೆಯ ದುಡ್ಡೇ ಮೊದಲು ಬರುತ್ತದೆ. ಮಾರ್ಚ್ ಒಳಗೆ ಖರ್ಚು ಮಾಡಬೇಕು. ಮಾಡುತ್ತೇವೆ. ಆಮೇಲೆ ನೀರಿನವರು ಬಂದು ಅಗೆಯುತ್ತಾರೆ. ನಾನೂ ಹೀಗೆ ಮಾಡಿದ್ದೇನೆ, ದೂರುವ ಹಕ್ಕು ನನಗಿಲ್ಲ.

ಇನ್ನು ಅಗಲ. ರಸ್ತೆಗಳ ಮಾನದಂಡ ಬರೆಯುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಲೆಕ್ಕದಲ್ಲಿ ನಡೆಯುವವರಿಗೆ ಕಡಿಮೆ ಅಂದರೂ 1.8 ಮೀಟರ್ ಖಾಲಿ ಜಾಗ ಬೇಕು. ಖಾಲಿ ಅಂದರೆ ಖಾಲಿ. ಟ್ರಾನ್ಸ್‌ಫಾರ್ಮರ್, ಕಂಬ, ಬಂಡಿ ಎಲ್ಲ ಅದರಾಚೆಗೆ. ನಕ್ಷೆ ಬರೆಯುವಾಗಲೇ ಮರಕ್ಕೂ ಬಂಡಿಗೂ ಒಂದು ಪಟ್ಟಿ ಬಿಟ್ಟರೆ ಮುಗಿಯಿತು. ನಾವು ಬಿಡುವುದಿಲ್ಲ. ಗೋಡೆಯಿಂದ ಗೋಡೆಗೆ ಡಾಂಬರು ಹಾಕುತ್ತೇವೆ. ಹೆಚ್ಚಾದ ಜಾಗದಲ್ಲಿ ಮರುದಿನ ಬೆಳಿಗ್ಗೆ ಕಾರು ನಿಂತಿರುತ್ತವೆ. ರಿಂಗ್ ರೋಡಿನ ಸಾಹೇಬರ ಆಂಬುಲೆನ್ಸಿಗೆ ಮೊದಲು ಎಷ್ಟು ಜಾಗ ಇತ್ತೋ ಈಗಲೂ ಅಷ್ಟೇ.

ಬಂಡಿ ಮೂರು ತಾಸು ನಿಂತು ಹೋಗುತ್ತದೆ. ಕಾರು ಇಪ್ಪತ್ಮೂರು ತಾಸು ನಿಲ್ಲುತ್ತದೆ. ಇದು ಕವಿತೆ ಅಲ್ಲ, ಲೆಕ್ಕ.


ಬೀದರ್ ಪೋರಿ
ಮಂಗಳವಾರ, ಮಧ್ಯಾಹ್ನ

ಪಕ್ಕದ ಮನೆಯಿಂದ ಒಂದು ಮಾತು. ನಮ್ಮ ಬೀದರಿನ ಹಳೇ ಊರಲ್ಲಿ ಚೌಬಾರಾ ಗೋಪುರ ಕೂಡುರಸ್ತೆಯ ನಟ್ಟನಡುವೆ ನಿಂತಿದೆ. ಎಷ್ಟೋ ಶತಮಾನದಿಂದ ಎಲ್ಲರೂ ಅದನ್ನು ಸುತ್ತಿ ಹೋಗುತ್ತಿದ್ದಾರೆ. ಆನೆ, ಕುದುರೆ ಸುತ್ತಿದವು, ಈಗ ಬುಲೆಟ್ ಬೈಕ್ ಸುತ್ತುತ್ತವೆ. ಒಂದು ಬೇವಿನ ಮರ ಸುತ್ತಿ ಹೋಗಲು ನಿಮಗೇನು ಧಾಡಿ?

ಬಹಮನಿಗಳು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಸುಮ್ನೆ ತಂದರಾ?


ರೋಜಾ ಚಾಯ್
ಮಂಗಳವಾರ, ಮಧ್ಯಾಹ್ನ

ಅಕ್ಕಾ, ಅವರು ಹೋಗಿದ್ದು ಬಿಸಿಲಿಗೆ ಹೆದರಿ. ಕೋಟೆಯಲ್ಲಿ 1367ರ ಜಾಮಾ ಮಸೀದಿ ಬಿಟ್ಟು ಹೋದರು, ಇಡೀ ಅಂಗಳಕ್ಕೆ ಚಾವಣಿ ಹಾಕಿದ್ದು. ಬಿಸಿಲೂರಿನಲ್ಲಿ ನೆರಳು ಹೇಗೆ ಮಾಡಬೇಕು ಅಂತ ಆಗಲೇ ತೋರಿಸಿದ್ದಾರೆ. ನೋಡುವವರು ಬೇಕಲ್ಲ.


ನಿರ್ವಾಹಕ
ಮಂಗಳವಾರ, ಸಂಜೆ

ಬಹಮನಿ ಜಗಳಕ್ಕೆ ಬೇರೆ ಚರ್ಚೆ ಇದೆ, ಅದು ಆರು ತಿಂಗಳಿಂದ ನಡೆಯುತ್ತಿದೆ, ಅಲ್ಲಿಗೆ ಹೋಗಿ. ಇಲ್ಲಿ ಯಾವ ಅಧಿಕಾರಿ, ಗುತ್ತಿಗೆದಾರರ ಹೆಸರೂ ಹಾಕಬೇಡಿ. ಈಗ ಎರಡು ಉತ್ತರ ತೆಗೆದಿದ್ದೇನೆ. ವೈಯಕ್ತಿಕವಾಗಿ ನನಗೆ ಸುಸಲಾಗಿಂತ ಅವಲಕ್ಕಿ ಇಷ್ಟ. ಅದಕ್ಕೆ ಬೈಯಬೇಡಿ, ತೆಗೆದುಬಿಡುತ್ತೇನೆ.


ಬಂಡಿಯವರ ಮಗ
ಮಂಗಳವಾರ, ರಾತ್ರಿ

ಎರಡು ದಿನದಿಂದ ಓದುತ್ತಿದ್ದೇನೆ. ಬರೆಯಬೇಕೋ ಬೇಡವೋ ಅಂತ ಯೋಚನೆ ಮಾಡಿದೆ. ನಮ್ಮ ತಾಯಿ ಬಂಡಿ ನಡೆಸುತ್ತಾರೆ, ನಿಮ್ಮ ಓಣಿಯ ಅವ್ವ ಅಲ್ಲ, ಬೇರೆ ಕಡೆ.

ನೀವು ಆರೂವರೆಗೆ ಸುಸಲಾ ತಿನ್ನಬೇಕಂದರೆ ನಮ್ಮ ಮನೆಯಲ್ಲಿ ಮೂರೂವರೆಗೆ ಲೈಟ್ ಹಚ್ಚಬೇಕು. ಹಿಂದಿನ ಸಂಜೆಯೇ ಮೆಣಸಿನಕಾಯಿ ತಂದು, ಒರೆಸಿ, ಸೀಳಿ ಇಟ್ಟಿರಬೇಕು. ಒದ್ದೆ ಮೆಣಸಿನಕಾಯಿ ಎಣ್ಣೆಗೆ ಬಿದ್ದರೆ ಸಿಡಿಯುತ್ತದೆ. ತಾಯಿಯ ಎಡಗೈ ನೋಡಿದರೆ ಗೊತ್ತಾಗುತ್ತದೆ. ಕಡಲೆಹಿಟ್ಟು, ಎಣ್ಣೆ ದಿನದ ಲೆಕ್ಕದಲ್ಲೇ ತರುತ್ತೇವೆ. ಒಮ್ಮೆಗೇ ತಂದರೆ ಅಗ್ಗ ಅಂತ ನಮಗೂ ಗೊತ್ತು. ಒಮ್ಮೆಗೇ ತರುವಷ್ಟು ರೊಕ್ಕ ಕೈಯಲ್ಲಿ ನಿಲ್ಲುವುದಿಲ್ಲ.

ಮೊದಲು ದಿನದ ಬಡ್ಡಿಗೆ ತರುತ್ತಿದ್ದೆವು. ಬೆಳಿಗ್ಗೆ ತಂದು ಸಂಜೆ ಕೊಡುವುದು. 2020ರ ಲಾಕ್‌ಡೌನ್ ಆದ ಮೇಲೆ ಬೀದಿ ವ್ಯಾಪಾರಿಗಳಿಗೆ ಕೇಂದ್ರ ಸರ್ಕಾರದ ಸ್ವನಿಧಿ ಸಾಲ ಬಂತು. ಮೊದಲ ಸಾಲ 10,000. ತೀರಿಸಿದ ಮೇಲೆ 20,000. ಅದು ನಿಜವಾಗಿ ಉಪಯೋಗ ಆಯಿತು, ಬಡ್ಡಿಯವರ ಕಾಟ ತಪ್ಪಿತು. ಆದರೆ ಕಂತು ಕಟ್ಟಬೇಕಂದರೆ ಬಂಡಿ ದಿನಾ ನಿಲ್ಲಬೇಕು. ಬಂಡಿ ನಿಲ್ಲಲು ಜಾಗ ಬೇಕು.

ಜಾಗ ಬದಲಾದರೆ ಏನು ಹೋಗುತ್ತದೆ ಗೊತ್ತಾ? ನೀವೆಲ್ಲ ಗಿರಾಕಿ ಅಂದುಕೊಳ್ಳುತ್ತೀರಿ. ಗಿರಾಕಿ ಆರು ತಿಂಗಳಿಗೆ ಮತ್ತೆ ಆಗುತ್ತಾರೆ. ಹೋಗುವುದು ಉದ್ರಿ. ಬಂಡಿ ಮೇಲೆ "ಉದ್ರಿ ಕೇಳಬೇಡಿ" ಅಂತ ಬರೆಸಿದವರೇ ಎಲ್ಲರಿಗಿಂತ ಜಾಸ್ತಿ ಉದ್ರಿ ಕೊಟ್ಟಿರುತ್ತಾರೆ, ಅದಕ್ಕೇ ಬರೆಸಿರುತ್ತಾರೆ. ತಾಯಿ ಬರೆದು ಇಡುವುದಿಲ್ಲ, ಅಕ್ಷರ ಬರುವುದಿಲ್ಲ. ಮುಖ ನೋಡಿದರೆ ಲೆಕ್ಕ ನೆನಪಾಗುತ್ತದೆ. ಮುಖವೇ ಕಾಣದಿದ್ದರೆ? ನಮ್ಮನ್ನು ಒಂದು ಸಲ ಎಬ್ಬಿಸಿದಾಗ ಹಾಗೆ ಮೂರು ಸಾವಿರದ ಹತ್ತಿರ ಹೋಯಿತು. ಗಿರಾಕಿಗಳು ಮೋಸ ಮಾಡಿದರು ಅನ್ನುವುದಿಲ್ಲ. ನೋಡಿದರೆ ಕೊಡುತ್ತಿದ್ದರು. ಹುಡುಕಿಕೊಂಡು ಬಂದು ಯಾರೂ ಕೊಡಲಿಲ್ಲ.

ಬ್ರಹ್ಮಪುರದ ಅಣ್ಣಾ, ತಪ್ಪು ತಿಳಿಯಬೇಡಿ. ನಿಮ್ಮದು ಎಷ್ಟಿದೆ?


ಬ್ರಹ್ಮಪುರದವ
ಮಂಗಳವಾರ, ರಾತ್ರಿ

85 ರೂಪಾಯಿ.

ನಿಮ್ಮ ಮಾತು ಓದುವ ತನಕ ನೆನಪೇ ಇರಲಿಲ್ಲ. ತಿಂಗಳಾಯಿತು. ಅವ್ವನ ಬಗ್ಗೆ ಇಷ್ಟುದ್ದ ಬರೆದೆ, ಇದನ್ನು ಬರೆಯಲಿಲ್ಲ.


ಬಂಡಿಯವರ ಮಗ
ಮಂಗಳವಾರ, ರಾತ್ರಿ

ಇರಲಿ ಅಣ್ಣಾ, ಹೇಳಿದಿರಲ್ಲ. ಒಂದು ಉಪಾಯ ಹೇಳುತ್ತೇನೆ. ಅವ್ವನನ್ನು ಹುಡುಕಬೇಡಿ, ಚುರಮುರಿ ಹುಡುಕಿ. ಬಂಡಿ ಎಲ್ಲಿಗೆ ಹೋದರೂ ಚುರಮುರಿ ಚೀಲ ಅಲ್ಲಿಗೆ ಹೋಗಲೇಬೇಕು. ನಾವು ಅಂಗಡಿ ಬದಲು ಮಾಡುವುದಿಲ್ಲ, ಅಲ್ಲಿ ನಮ್ಮ ಉದ್ರಿ ಇರುತ್ತದೆ. ಕಿರಾಣಾ ಬಜಾರಿನಲ್ಲಿ ಸಂಜೆ ಹೋಗಿ ಕೇಳಿ. ಕೆಂಪು ಬಂಡಿ, ಬ್ರಹ್ಮಪುರದಲ್ಲಿ ನಿಲ್ಲುತ್ತಿದ್ದವರು ಅನ್ನಿ.


ಕರಿಕೋಟು
ಬುಧವಾರ, ಬೆಳಿಗ್ಗೆ

ವಕೀಲ. ಫೀಸ್ ಇಲ್ಲದೆ ಹೇಳುತ್ತಿದ್ದೇನೆ, ಗಮನ ಇಟ್ಟು ಓದಿ.

ಬೀದಿ ವ್ಯಾಪಾರಿಗಳ ಕಾಯ್ದೆ ಅಂತ 2014ರಲ್ಲಿ ಬಂದಿದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಎಬ್ಬಿಸಲೇಬೇಕಾದರೆ, ಜಾಗ ಬದಲಿಸಬೇಕಾದರೆ, 30 ದಿನದ ನೋಟಿಸ್ ಕೊಡಬೇಕು. ಸಾಮಾನು ಜಪ್ತಿ ಮಾಡಿದರೆ ಪಟ್ಟಿ ಕೊಡಬೇಕು. ಕೆಡುವ ಪದಾರ್ಥವನ್ನು ಶುಲ್ಕ ಕಟ್ಟಿಸಿಕೊಂಡು, ವಾಪಸ್ ಕೇಳಿದ ದಿನವೇ ಕೊಡಬೇಕು, ಬೇರೆ ಸಾಮಾನಾದರೆ ಕೇಳಿದ ಎರಡು ಕೆಲಸದ ದಿನದೊಳಗೆ. ಊರಿಗೊಂದು ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಕಡಿಮೆ ಅಂದರೂ ನೂರಕ್ಕೆ 40 ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರರಲ್ಲೊಂದು ಪಾಲು ಹೆಂಗಸರು. ಅಂದರೆ ನಿಮ್ಮ ಅವ್ವ ಎಲ್ಲಿ ನಿಲ್ಲಬೇಕು ಅನ್ನುವ ಮಾತು ನಡೆಯುವಾಗ ಅವ್ವನಂಥವರು ಆ ಮೇಜಿನ ಮುಂದೆ ಕೂತಿರಬೇಕು.

ಮರದ ಬಗ್ಗೆಯೂ ಹೇಳುತ್ತೇನೆ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಇಲ್ಲದೆ ಮರ ಕಡಿಯುವಂತಿಲ್ಲ. ಅನುಮತಿ ಪಡೆದಿದ್ದಾರಾ ಅಂತ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ, ಹತ್ತು ರೂಪಾಯಿ. ಕಡಿದ ಮರ ಎದ್ದು ನಿಲ್ಲುವುದಿಲ್ಲ, ಆದರೆ ಓಣಿಯ ಇನ್ನೊಂದು ತುದಿಯ ಮರಕ್ಕೆ ಉಪಯೋಗ ಆಗುತ್ತದೆ. ಇನ್ನೊಂದು ತುದಿಯಲ್ಲಿ ಮರ ಇದೆಯಲ್ಲ?


ಬ್ರಹ್ಮಪುರದವ
ಬುಧವಾರ, ಬೆಳಿಗ್ಗೆ

ಇದೆ. ಹುಣಸೆ ಮರ. ಅದಕ್ಕೂ ಬಿಳಿ ಬಣ್ಣದಲ್ಲಿ ನಂಬರ್ ಬರೆದು ಹೋಗಿದ್ದಾರೆ.


ತೊಗರಿಬ್ಯಾಳಿ
ಬುಧವಾರ, ಮಧ್ಯಾಹ್ನ

ಶರಣಬಸವೇಶ್ವರರು ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ ಕುಡಿಯಲು ನೀರಿಟ್ಟರು ಅಂತ ನಮ್ಮತ್ತೆ ಪ್ರತಿ ಜಾತ್ರೆಗೆ ಕಥೆ ಹೇಳುತ್ತಾರೆ. ಅದೇ ಗುಡಿ ಪಕ್ಕದ ಓಣಿಯಲ್ಲಿ ನಾವು ಮರಕ್ಕೆ ನಂಬರ್ ಹಾಕುತ್ತಿದ್ದೇವೆ. ಅತ್ತೆಗೆ ಈ ಚರ್ಚೆ ಓದಿ ಹೇಳಿದೆ. ಅರ್ಜಿಗೆ ತಾವೂ ಸಹಿ ಹಾಕುತ್ತಾರಂತೆ.


ರಿಂಗ್ ರೋಡ್ ನಿವಾಸಿ
ಬುಧವಾರ, ರಾತ್ರಿ

ಅರ್ಜಿ ಬರೆಯುವುದಾದರೆ ನನ್ನದೂ ಸಹಿ ಇರಲಿ. ಹಳೇ ಮನೆ ಇನ್ನೂ ನನ್ನ ಹೆಸರಲ್ಲೇ ಇದೆ. ಆದರೆ ಒಂದು ಷರತ್ತು. ಬಂಡಿಗೆ ಜಾಗ ಕೇಳುವಾಗ, ಒಂದು ಕಡೆ ಕಾರು ನಿಲ್ಲಿಸಬಾರದು ಅಂತಲೂ ಬರೆಯಬೇಕು. ಆಂಬುಲೆನ್ಸ್ ತಿರುಗುವಷ್ಟು ಜಾಗಕ್ಕೆ ಗೆರೆ ಹೊಡೆಯಬೇಕು. ಓಣಿಯವರು ಒಪ್ಪುತ್ತಾರಾ? ಬಂಡಿಗೆ ಎಲ್ಲರೂ ಹೂಂ ಅನ್ನುತ್ತಾರೆ. ಕಾರಿನ ಮಾತು ಬಂದಾಗ ನೋಡಿ.


ಬ್ರಹ್ಮಪುರದವ
ಗುರುವಾರ, ರಾತ್ರಿ

ಸುದ್ದಿ ಹೇಳುತ್ತೇನೆ. ರಿಂಗ್ ರೋಡ್ ಸಾಹೇಬರು ಹೇಳಿದ್ದೇ ಆಯಿತು. ನಿನ್ನೆ ಮತ್ತು ಇವತ್ತು ಸೇರಿ ಹದಿನೆಂಟು ಮನೆ ಹತ್ತಿದೆ. ಬಂಡಿಗೆ ಜಾಗ, ಮರ ಉಳಿಸಿ ಅನ್ನುವ ಸಾಲು ತನಕ ಎಲ್ಲರೂ ಪೆನ್ನು ತೆಗೆದರು. ಒಂದು ಕಡೆ ಕಾರು ಬೇಡ ಅನ್ನುವ ಸಾಲಿಗೆ ಬಂದಾಗ ಏಳು ಮನೆಯವರು "ನಾಳೆ ನೋಡೋಣ" ಅಂದರು. ಹನ್ನೊಂದು ಸಹಿ ಆದವು. ಸಾಲು ತೆಗೆದರೆ ಹದಿನೆಂಟೂ ಆಗುತ್ತವೆ. ತೆಗೆಯುವುದಿಲ್ಲ ಅಂತ ಸದ್ಯಕ್ಕೆ ಗಟ್ಟಿ ಕೂತಿದ್ದೇನೆ.

ಕಿರಾಣಾ ಬಜಾರಿಗೂ ಹೋಗಿದ್ದೆ. ಮೂರನೇ ಅಂಗಡಿಯಲ್ಲಿ ಗುರುತು ಹತ್ತಿತು. "ಈಗ ಚೀಲ ಗಾರ್ಡನ್ ಕಡೆ ಹೊಂಟಾವ್ರಿ" ಅಂದರು. ನಾಳೆ ಬೆಳಿಗ್ಗೆ ಹೋಗುತ್ತೇನೆ. 85 ರೂಪಾಯಿ ಚಿಲ್ಲರೆ ಮಾಡಿ ಇಟ್ಟುಕೊಂಡಿದ್ದೇನೆ.

ಅಂದಹಾಗೆ ಅಪ್ಪನ ಸಕ್ಕರೆ ರಿಪೋರ್ಟ್ ಬಂತು. ತಿಂಗಳು ಪೂರ್ತಿ ವಾಕಿಂಗ್ ಮಾಡಿದರೂ ಇಳಿದಿಲ್ಲ, ಏರಿದೆ. ಡಾಕ್ಟರ್ ತಲೆ ಕೆರೆದುಕೊಂಡರು.


ತೊಗರಿಬ್ಯಾಳಿ
ಗುರುವಾರ, ರಾತ್ರಿ

ಅಣ್ಣಾ. ಗಾರ್ಡನ್ ಅಂದ್ರಾ?


ಬ್ರಹ್ಮಪುರದವ
ಶುಕ್ರವಾರ, ಮಧ್ಯಾಹ್ನ

ಸಿಕ್ಕಳು.

ಗಾರ್ಡನ್ ಹತ್ತಿರದ ಒಂದು ಮರದ ಕೆಳಗೆ. ಬಂಡಿ ಅದೇ, ಬಣ್ಣ ಅಲ್ಲಲ್ಲಿ ಕಿತ್ತಿದೆ. ವಾಕಿಂಗ್ ಬರುವವರು ಸುಸಲಾ ಕಡಿಮೆ ತಿನ್ನುತ್ತಾರಂತೆ, ಮಿರ್ಚಿ ನೋಡಿ ಮುಖ ತಿರುಗಿಸುತ್ತಾರಂತೆ. "ತೂಕ ಇಳಸಾಕ ಬಂದೋರು, ಏನ್ ತಿಂತಾರ" ಅಂದಳು. ಒಂದಿಷ್ಟು ಜನ ಮಾತ್ರ ಎರಡು ಸುತ್ತು ಹಾಕಿ ಬಂದು, ಪುಣ್ಯ ಬಂತು ಅನ್ನುವ ಹಾಗೆ ನಾಲ್ಕು ತಿನ್ನುತ್ತಾರಂತೆ. ಅಲ್ಲೂ ಎಷ್ಟು ದಿನ ನಿಲ್ಲಬಹುದೋ ಗೊತ್ತಿಲ್ಲ. ಕರಿಕೋಟಿನವರು ಹೇಳಿದ್ದನ್ನು ಹೇಳಿದೆ, ಸಮೀಕ್ಷೆಯ ಚೀಟಿ ಇದೆಯಾ ಅಂತ ಕೇಳಿದೆ. ಇದೆ, ಮನೆಯಲ್ಲಿ ದೇವರ ಫೋಟೋ ಹಿಂದೆ ಇಟ್ಟಿದ್ದಾಳಂತೆ. ಅರ್ಜಿಗೆ ಅದರ ಜೆರಾಕ್ಸ್ ಸೇರಿಸಬೇಕು, ನಾಳೆ ತರುತ್ತಾಳೆ. ಫೋನ್ ನಂಬರ್ ಬರೆದುಕೊಂಡೆ.

ಸುಸಲಾ ತಿಂದೆ. ಉಳ್ಳಾಗಡ್ಡಿ ಮೊದಲಿನಷ್ಟೇ ಇತ್ತು.

ಆಮೇಲೆ 85 ರೂಪಾಯಿ ಮುಂದೆ ಹಿಡಿದೆ. ಅವ್ವ ಕೈ ಮುಂದೆ ಮಾಡಲಿಲ್ಲ. "ಅದು ಹೋದ ವಾರನ ಮುಗದದಲ್ಲಪ್ಪಾ. ಅಪ್ಪಾರು ಕೊಟ್ಟು ಹೋಗ್ಯಾರ."

ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಆಮೇಲೆ ದಿನಾ ಎಷ್ಟು ತಿನ್ನುತ್ತಾರೆ ಅಂತ ಕೇಳಿದೆ. ಅವ್ವ ನಕ್ಕು ಬಾಣಲೆ ಕಡೆ ತಿರುಗಿದಳು. ಈ ಸಲ ಚಾಡಿ ಹೇಳಲಿಲ್ಲ.


ತೊಗರಿಬ್ಯಾಳಿ
ಶುಕ್ರವಾರ, ಮಧ್ಯಾಹ್ನ

ಕೆರೆ ಬಿಟ್ಟು ಗಾರ್ಡನ್ ಯಾಕೆ ಅಂತ ನಾನು ಸೋಮವಾರವೇ ಕೇಳಿದ್ದೆ.